ನಮ್ದಾಫಾದ ಹುಲಿ ಲೆಕ್ಕ

ನಾಗರಹೊಳೆ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ 643 ಚದರ ಕಿಲೋಮೀಟರ್. 2022ರ ರಾಷ್ಟ್ರೀಯ ಅಂದಾಜಿನ ಪ್ರಕಾರ ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶದಲ್ಲಿ 141 ಹುಲಿಗಳಿವೆ. ಅರುಣಾಚಲ ಪ್ರದೇಶದ ಪೂರ್ವದ ತುದಿಯಲ್ಲಿ, ಮ್ಯಾನ್ಮಾರಿಗೆ ಬೆನ್ನು ಕೊಟ್ಟು ಕೂತಿರುವ ನಮ್ದಾಫಾ ಆ ನಾಗರಹೊಳೆ ಉದ್ಯಾನದ ಮೂರು ಪಟ್ಟು ದೊಡ್ಡದು: 1985 ಚದರ ಕಿಲೋಮೀಟರ್. ಅದೇ ಅಂದಾಜಿನಲ್ಲಿ ನಮ್ದಾಫಾ, ಪಕ್ಕೆ, ಕಮ್ಲಾಂಗ್ ಎಂಬ ಮೂರು ಹುಲಿ ಸಂರಕ್ಷಿತ ಪ್ರದೇಶಗಳಿರುವ ಇಡೀ ಅರುಣಾಚಲಕ್ಕೆ ಸಿಕ್ಕ ಸಂಖ್ಯೆ 9.

ಅಲ್ಲಿನ ಬೆಟ್ಟಗಳ ಎಷ್ಟೋ ಭಾಗಕ್ಕೆ ಕ್ಯಾಮೆರಾ ತಲುಪಿಲ್ಲ, ನಿಜ. ಒಂಬತ್ತು ಎಂದರೆ ಕಂಡವು ಮಾತ್ರ ಎಂದೇ ಇಟ್ಟುಕೊಳ್ಳೋಣ. ಆದರೂ ಈ ಅಂತರ ತಲೆಯೊಳಗೆ ಕೊರೆಯುತ್ತದೆ. ನಮ್ಮ ನಾಗರಹೊಳೆಯ ಅಂಚಿಗೆ ಕಾಫಿ ತೋಟ, ಹೊಗೆಸೊಪ್ಪಿನ ಹೊಲ, ಊರು, ರಸ್ತೆ ಎಲ್ಲ ಬಂದು ತಾಗಿವೆ. ನಮ್ದಾಫಾದಲ್ಲಿ ಒಮ್ಮೆ ಕಾಡು ಹೊಕ್ಕರೆ ದಿನಗಟ್ಟಲೆ ನಡೆದರೂ ಕಾಡೇ. ಸಮುದ್ರಮಟ್ಟದಿಂದ 200 ಮೀಟರ್ ಎತ್ತರದ ಹೊಳೆ ಬಯಲಿನಿಂದ ಹಿಡಿದು 4571 ಮೀಟರ್ ಎತ್ತರದ ದಫಾ ಬುಮ್ ಶಿಖರದವರೆಗೂ ಕಡಿಯದೆ ಹಬ್ಬಿದ ಹಸಿರು. ಹುಲಿ ಎಲ್ಲಿ ಹೆಚ್ಚಿರಬೇಕಿತ್ತು?

ನಾನು ತೀರ್ಥಹಳ್ಳಿ ಕಡೆಯವಳು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳುತ್ತಲೇ ನಿವೃತ್ತಳಾದೆ. ನಮ್ದಾಫಾಕ್ಕೆ ಹೋಗಿದ್ದು ಹುಲಿಗಾಗಿ ಅಲ್ಲ, ಮರಗಳಿಗಾಗಿ. ಭೂಮಧ್ಯರೇಖೆಯ ಆಸುಪಾಸಿನಲ್ಲಿ ಇರಬೇಕಾದಂಥ ತಗ್ಗುಪ್ರದೇಶದ ಮಳೆಕಾಡು ಉತ್ತರ ಅಕ್ಷಾಂಶ 27 ಡಿಗ್ರಿ ದಾಟಿಯೂ ಬೆಳೆದು ನಿಂತಿದೆ ಎಂದು ವರ್ಷಾನುಗಟ್ಟಲೆ ಮಕ್ಕಳಿಗೆ ಹೇಳಿದ್ದೆ. ಕಣ್ಣಾರೆ ನೋಡದೆ ಹೇಳಿದ ಮಾತು ಅದು. ನೋಡಲೇಬೇಕು ಅನ್ನಿಸಿತ್ತು. ಹೋದ ಮೇಲೆ ಹುಲಿಯ ಲೆಕ್ಕವೇ ನನ್ನನ್ನು ಹಿಡಿದುಕೊಂಡಿತು.

ದಾರಿ ದೂರದ್ದು, ಆದರೆ ಹೋಗಲಾರದ್ದೇನಲ್ಲ. ಬೆಂಗಳೂರಿನಿಂದ ಅಸ್ಸಾಮಿನ ನ್ಯೂ ತಿನ್‌ಸುಕಿಯಾಕ್ಕೆ ನೇರ ರೈಲಿದೆ. ಬೆಂಗಳೂರಿನ ಹೋಟೆಲುಗಳಲ್ಲಿ, ಕಟ್ಟಡಗಳ ಕಾವಲಿನಲ್ಲಿ ದುಡಿಯುವ ಈಶಾನ್ಯದ ಹುಡುಗರು ರಜೆಗೆಂದು ಮನೆಗೆ ಹೋಗುವುದು ಅದರಲ್ಲೇ. ಅಲ್ಲಿಂದ ಮಾರ್ಗರೀಟಾ, ಲೇಡೋ ದಾಟಿ ಮಿಯಾವೋ. ಎರಡನೇ ಮಹಾಯುದ್ಧದಲ್ಲಿ ಚೀನಾಕ್ಕೆ ಸರಂಜಾಮು ಸಾಗಿಸಲು ಅಮೆರಿಕನ್ನರು ಕಡಿಸಿದ ಸ್ಟಿಲ್‌ವೆಲ್ ರಸ್ತೆ ಶುರುವಾಗುವುದು ಈ ಲೇಡೋದಿಂದಲೇ. ಅರುಣಾಚಲದ ಗಡಿಯಲ್ಲಿ ಇನ್ನರ್ ಲೈನ್ ಪರ್ಮಿಟ್ ತೋರಿಸಬೇಕು.

ಮಿಯಾವೋ ಚಿಕ್ಕ ಊರು. ಸಿಂಗ್‌ಫೋ, ತಾಂಗ್ಸಾ, ಲಿಸು, ಚಕ್ಮಾ, ನೇಪಾಳಿ, ಟಿಬೆಟನ್ ನಿರಾಶ್ರಿತರು ಎಲ್ಲರೂ ಒಂದೇ ಸಂತೆಗೆ ಬರುತ್ತಾರೆ. ಸಿಂಗ್‌ಫೋ ಮನೆಯೊಂದರಲ್ಲಿ ಫಲಪ್ ಕುಡಿದೆ. ಚಹಾ ಎಲೆಯನ್ನು ಹುರಿದು, ಬಿದಿರಿನ ಅಂಡೆಗೆ ತುರುಕಿ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಟ್ಟು ಮಾಡುವ ಚಹಾ. ಹಾಲು, ಸಕ್ಕರೆ ಏನೂ ಇಲ್ಲ. ಇಂದು ಅಸ್ಸಾಂ ಟೀ ಎಂದು ಜಗತ್ತು ಕುಡಿಯುವ ಗಿಡವನ್ನು 1823ರಲ್ಲಿ ರಾಬರ್ಟ್ ಬ್ರೂಸ್ ಎಂಬ ಸ್ಕಾಟ್‌ಲೆಂಡಿನವನಿಗೆ ತೋರಿಸಿಕೊಟ್ಟವರು ಈ ಸಿಂಗ್‌ಫೋ ಜನರೇ.

ಮಿಯಾವೋದಿಂದ ಸುಮಾರು 25 ಕಿಲೋಮೀಟರ್ ಹೋದರೆ ದೇಬಾನ್. ನೋವಾ-ದಿಹಿಂಗ್ ಹೊಳೆಯ ದಂಡೆಯ ಮೇಲೆ ಅರಣ್ಯ ಇಲಾಖೆಯ ವಸತಿಗೃಹ, ಎದುರಿಗೆ ಹೊಳೆ, ಹೊಳೆಯಾಚೆ ಗೋಡೆ ಕಟ್ಟಿದ ಹಾಗೆ ಕಾಡು. ದೇಶದ ಪೂರ್ವದ ಅಂಚಾದ್ದರಿಂದ ಚಳಿಗಾಲದಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಬೆಳಗಿನ ಐದಕ್ಕೆ ಜನ ಕೆಲಸಕ್ಕೆ ಇಳಿದಿರುತ್ತಾರೆ. ಜೀವಶಾಸ್ತ್ರ ಓದಿದವರಿಗೆ ದೇಬಾನ್ ಹೆಸರು ಬೇರೊಂದು ಕಾರಣಕ್ಕೆ ಪರಿಚಿತ. 1981ರಲ್ಲಿ ನಮ್ದಾಫಾ ಹಾರುವ ಅಳಿಲು ಎಂಬ ಹೊಸ ಪ್ರಾಣಿಯನ್ನು ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣೆಯ ವಿಜ್ಞಾನಿ ಜಗತ್ತಿಗೆ ಪರಿಚಯಿಸಿದ್ದು ಇಲ್ಲಿ ಸಿಕ್ಕ ಒಂದೇ ಒಂದು ಮಾದರಿಯನ್ನು ಇಟ್ಟುಕೊಂಡು.

ಈ ಹೊಳೆಗೆ ಇನ್ನೊಂದು ಕಥೆಯೂ ಇದೆ. 1942ರಲ್ಲಿ ಜಪಾನೀ ಸೇನೆ ಬರ್ಮಾವನ್ನು ಹಿಡಿದಾಗ ಕೆಲವರು ಚೌಕಾನ್ ಕಣಿವೆಯ ದಾರಿಯಲ್ಲಿ ಭಾರತದತ್ತ ನಡೆದರು. ಮುಂಗಾರು ಶುರುವಾಗಿತ್ತು. ನೋವಾ-ದಿಹಿಂಗ್‌ಗೆ ಬಂದು ಸೇರುವ ದಫಾ ನದಿ ಉಕ್ಕಿ ಹರಿಯುತ್ತಿತ್ತು. ಜನ ದಾಟಲಾರದೆ, ತಿನ್ನಲು ಏನೂ ಇಲ್ಲದೆ ಸಿಕ್ಕಿಬಿದ್ದರು. ಗೈಲ್ಸ್ ಮ್ಯಾಕ್ರೆಲ್ ಎಂಬ ಚಹಾ ವ್ಯಾಪಾರದ ಮನುಷ್ಯ ಜೂನ್ ತಿಂಗಳಲ್ಲಿ ಆನೆಗಳನ್ನೂ ಮಾವುತರನ್ನೂ ಕಟ್ಟಿಕೊಂಡು ಬಂದು, ಆ ಪ್ರವಾಹದಲ್ಲಿ ಆನೆ ಇಳಿಸಿ, ನಡುಗಡ್ಡೆಯಲ್ಲಿ ನಿಂತಿದ್ದವರನ್ನು ದಾಟಿಸಿದ. ಬ್ರಿಟಿಷ್ ಸರ್ಕಾರ ಅವನಿಗೆ ಜಾರ್ಜ್ ಪದಕ ಕೊಟ್ಟಿತು. ಮಾವುತರ ಹೆಸರು ಯಾರ ಬಾಯಲ್ಲೂ ಉಳಿದಿಲ್ಲ, ಅದು ನನಗೆ ನೋವಿನ ಸಂಗತಿ. ನದಿಯ ಆ ಸೊಕ್ಕು ನಮ್ದಾಫಾದ ಮುಖ್ಯ ಲಕ್ಷಣ. ಏಪ್ರಿಲ್ ನಂತರ ಮಳೆ ಹಿಡಿದರೆ ಹೊಳೆ ದಾಟುವುದನ್ನು ಮರೆತುಬಿಡಬೇಕು.

ಚಳಿಗಾಲದಲ್ಲಿ ಹೊಳೆ ಇಳಿದಾಗ ದೋಣಿಯಲ್ಲಿ ಆಚೆ ದಡ ಸೇರಿ ಹಲ್ದಿಬಾರಿ, ಹಾರ್ನ್‌ಬಿಲ್, ಬುಲ್‌ಬುಲಿಯಾ ಎಂಬ ಬೀಡುಗಳ ಕಡೆಗೆ ನಡೆಯಬಹುದು. ಜೀಪ್ ಸಫಾರಿ ಎಂಬುದೇ ಇಲ್ಲ. ಅಕ್ಕಿ, ಬೇಳೆ, ಡೇರೆ ಎಲ್ಲವನ್ನೂ ಹೊತ್ತೇ ಹೋಗಬೇಕು. ನನ್ನೊಡನೆ ಬಂದದ್ದು ಇಬ್ಬರು ಲಿಸು ತರುಣರು. ನನ್ನ ವಯಸ್ಸಿಗೆ ತಕ್ಕಂತೆ ಹೆಜ್ಜೆ ನಿಧಾನ ಮಾಡಿಕೊಂಡು, ಅದನ್ನು ತೋರಗೊಡದೆ ನಡೆದರು.

ಮರಗಳ ವಿಷಯಕ್ಕೆ ಬರುತ್ತೇನೆ. ಹೊಲ್ಲಾಂಗ್ ಇಲ್ಲಿನ ದೊರೆ, ಅರುಣಾಚಲ ಮತ್ತು ಅಸ್ಸಾಂ ಎರಡರ ರಾಜ್ಯವೃಕ್ಷ. ನಮ್ಮ ಘಟ್ಟದ ಸಾಲುಧೂಪದ ಕುಟುಂಬಕ್ಕೇ ಸೇರಿದ್ದು. ಬುಡದಿಂದ ನೆಟ್ಟಗೆ ಏರಿ ಮೂವತ್ತು ಮೀಟರಿನಷ್ಟು ಎತ್ತರದ ತನಕ ಒಂದು ರೆಂಬೆಯೂ ಇಲ್ಲದ ಬೂದು ಕಾಂಡ. ಕತ್ತು ನೋಯುವಷ್ಟು ಹಿಂದಕ್ಕೆ ಬಾಗಿದರೂ ಎಲೆಯ ಆಕಾರ ಕಾಣುವುದಿಲ್ಲ. ಬುಡದಲ್ಲಿ ಬಿದ್ದಿದ್ದ ಒಣಗಿದ ಕಾಯಿಯೊಂದನ್ನು ಎತ್ತಿಕೊಂಡೆ. ಉರುಟು ಬೀಜ, ಅದರ ನೆತ್ತಿಯಿಂದ ಎದ್ದ ಎರಡು ಉದ್ದನೆ ರೆಕ್ಕೆ, ರೆಕ್ಕೆಯ ತುಂಬ ಸ್ಪಷ್ಟವಾದ ನರ. ಎತ್ತರಕ್ಕೆ ಎಸೆದರೆ ಗಿರಗಿರನೆ ಸುತ್ತುತ್ತ ತಾಯಿಮರದಿಂದ ದೂರ ಹೋಗಿ ಬೀಳುತ್ತದೆ. ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೆನೋ ಆ ಚಿತ್ರವನ್ನು! ಪಕ್ಕದಲ್ಲೇ ನಾಹೋರ್ ಮರ. ಅದು ನಮ್ಮ ನಾಗಸಂಪಿಗೆಯೇ. ಎಷ್ಟೋ ದೂರದ ಊರಲ್ಲಿ ನೆಂಟರು ಸಿಕ್ಕಷ್ಟು ಸಂತೋಷವಾಯಿತು. ಟೊಕೊ ಎಂಬ ತಾಳೆಯ ಎಲೆಯಲ್ಲಿ ಮನೆಗೆ ಮಾಡು ಹೊದಿಸುತ್ತಾರೆ. ಬೆತ್ತ, ಬಿದಿರು, ಕಾಡುಬಾಳೆ ದಾರಿಯ ಎರಡೂ ಬದಿಗೆ ಮುಗಿಬಿದ್ದಿವೆ.

ಇಂಬಳ ಮಲೆನಾಡಿನವರಿಗೆ ಹೊಸದಲ್ಲ. ಆದರೆ ಡಿಮ್‌ಡಾಮ್ ಎಂದು ಅಲ್ಲಿಯವರು ಕರೆಯುವ ಪುಟ್ಟ ಕಪ್ಪು ನೊಣ ಕಚ್ಚಿದರೆ ರಕ್ತದ ಚುಕ್ಕೆ ಮೂಡಿ ವಾರಗಟ್ಟಲೆ ತುರಿಸುತ್ತದೆ. ಪೂರ್ತಿ ತೋಳಿನ ಅಂಗಿ ಇಲ್ಲದೆ ಹೋಗಬೇಡಿ.

ಬೆಳಗಾದರೆ ಹೂಲಕ್ ಗಿಬ್ಬನ್‌ಗಳ ಕೂಗು. ಭಾರತದಲ್ಲಿರುವ ಬಾಲವಿಲ್ಲದ ವಾನರ ಇದೊಂದೇ. ಗಂಡುಹೆಣ್ಣು ಜೋಡಿಯಾಗಿ ಕೂಗುತ್ತವೆ. ಒಂದು ಬೆಟ್ಟದ ಜೋಡಿ ನಿಲ್ಲಿಸಿದರೆ ಎದುರು ಬೆಟ್ಟದ ಜೋಡಿ ಶುರುಮಾಡುತ್ತದೆ. ಗಂಡು ಕಪ್ಪು, ಬಿಳಿ ಹುಬ್ಬು. ಹೆಣ್ಣು ಕಂದು. ಕೊಂಬೆಗೆ ಕೈ ಬೀಸಿ ಹಾರುವಾಗ ಮೈಗೆ ತೂಕವೇ ಇಲ್ಲವೇನೋ ಅನ್ನಿಸುತ್ತದೆ. ಮಂಗಟ್ಟೆಗಳಲ್ಲಿ ನಮ್ಮ ದಾಸಮಂಗಟ್ಟೆಯ ಜೊತೆಗೆ ಕಂದು ಕತ್ತಿನದು, ಮಾಲೆಯಂಥ ಗೆರೆ ಇರುವ ಕೊಕ್ಕಿನದು ಎಲ್ಲ ಇಲ್ಲಿವೆ. ಹುಲಿ, ಚಿರತೆ, ಹಿಮಚಿರತೆ, ಕ್ಲೌಡೆಡ್ ಲೆಪರ್ಡ್ ಈ ನಾಲ್ಕೂ ದೊಡ್ಡ ಬೆಕ್ಕುಗಳ ನೆಲೆ ಎಂದು ಹೆಸರಾದ ಕಾಡಿದು.

ಇಷ್ಟೆಲ್ಲ ಇದ್ದೂ ಒಂದು ಕೊರತೆ ನನ್ನನ್ನು ಮೊದಲ ದಿನದಿಂದಲೇ ಕಾಡಿತು. ಹೊಳೆದಂಡೆಯ ನುಣುಪು ಮರಳಿನಲ್ಲಿ ಗೊರಸಿನ ಗುರುತುಗಳೇ ಕಡಿಮೆ. ಬಂಡೀಪುರದ ಕೆರೆ ಏರಿಯ ಮೇಲೆ ಬೆಳಿಗ್ಗೆ ನಿಂತರೆ ಜಿಂಕೆ, ಕಡವೆ, ಕಾಟಿ, ಹಂದಿಯ ಹೆಜ್ಜೆ ಒಂದರ ಮೇಲೊಂದು ಬಿದ್ದು ಮಣ್ಣು ಕಲಸಿಹೋಗಿರುತ್ತದೆ. ಇಲ್ಲಿ ನೀರುನಾಯಿಯ ಪಾದ, ಒಂದು ಕಾಡುಕುರಿಯ ಚಿಕ್ಕ ಗೊರಸು, ಆಮೇಲೆ ಬರೀ ಮರಳು. ಎರಡನೇ ಬೀಡಿನ ಹತ್ತಿರ ಮುಂದೆ ನಡೆಯುತ್ತಿದ್ದ ತರುಣ ಥಟ್ಟನೆ ನಿಂತ. ಎರಡು ಗಿಡಗಳ ನಡುವಿನ ಸಣ್ಣ ಜಾಡಿನ ಮೇಲೆ ಮೊಣಕಾಲೆತ್ತರಕ್ಕೆ ಒಂದು ತಂತಿಯ ಕುಣಿಕೆ. ಬಗ್ಗಿಸಿ ಕಟ್ಟಿದ ಎಳೆ ಗಿಡಕ್ಕೆ ಅದರ ಇನ್ನೊಂದು ತುದಿ. ಪ್ರಾಣಿ ಕಾಲಿಟ್ಟರೆ ಗಿಡ ಚಿಮ್ಮಿ ಕುಣಿಕೆ ಬಿಗಿಯುತ್ತದೆ. ತಂತಿಗೆ ತುಕ್ಕು ಹಿಡಿದಿತ್ತು, ಗಿಡದ ತೊಗಟೆ ತಂತಿಯನ್ನು ಅರ್ಧ ನುಂಗಿತ್ತು. ಇಟ್ಟವನು ಮರೆತು ಯಾವ ಕಾಲವಾಗಿತ್ತೋ. ಉರುಳು ಮಾತ್ರ ಇನ್ನೂ ಕಾಯುತ್ತಿತ್ತು. ಆ ಹುಡುಗ ಬಿಚ್ಚಿ, ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡ. ಅವನ ತಂದೆ ಒಳ್ಳೆಯ ಬೇಟೆಗಾರ ಎಂದು ಅವನೇ ಹೇಳಿದ್ದ.

ಹುಲಿಯ ಲೆಕ್ಕ ನಿಂತಿರುವುದು ಇಲ್ಲೇ. ನಾಗರಹೊಳೆಯಲ್ಲಿ 1986ರಿಂದ ಹುಲಿ ಅಧ್ಯಯನ ಮಾಡಿದ ನಮ್ಮವರೇ ಆದ ಉಲ್ಲಾಸ ಕಾರಂತರು ದೇಶಕ್ಕೆ ಕಲಿಸಿದ ಪಾಠ ಸರಳವಾದದ್ದು. ಒಂದು ಹುಲಿ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿಗಳನ್ನು ತಿನ್ನುತ್ತದೆ. ಬೇಟೆಪ್ರಾಣಿಗಳ ಹಿಂಡು ಕರಗದೆ ಅಷ್ಟನ್ನು ಕೊಡಬೇಕಾದರೆ ಆ ಒಂದು ಹುಲಿಯ ಸುತ್ತ 500ರಷ್ಟು ಪ್ರಾಣಿಗಳಿರಬೇಕು. ಅಸಲನ್ನು ಮುಟ್ಟದೆ ಬಡ್ಡಿಯಲ್ಲೇ ಬದುಕುವ ಸಂಸಾರ ಹುಲಿಯದು. ನಾಗರಹೊಳೆಯ ಎಲೆಯುದುರುವ ಕಾಡಿನಲ್ಲಿ ಬೆಳಕು ನೆಲ ಮುಟ್ಟುತ್ತದೆ, ಹಡ್ಲುಗಳಲ್ಲಿ ವರ್ಷವಿಡೀ ಹುಲ್ಲಿದೆ, ಹಾಗಾಗಿ ಅಸಲು ದೊಡ್ಡದು. ನಮ್ದಾಫಾದ ಮಳೆಕಾಡಿನಲ್ಲಿ ಹಸಿರೆಲ್ಲ ಮರದ ನೆತ್ತಿಯಲ್ಲಿದೆ. ನೆಲದ ಮೇಲೆ ಗೊರಸಿನ ಪ್ರಾಣಿಗೆ ಸಿಗುವುದು ಸ್ವಲ್ಪವೇ. ಹೀಗಾಗಿ ಅಲ್ಲಿ ಹುಲಿ ಎಂದೂ ನಾಗರಹೊಳೆಯಷ್ಟು ದಟ್ಟವಾಗಿ ಇರಲಾರದು. ಇದು ಪ್ರಕೃತಿಯದೇ ಮಿತಿ. ಇದ್ದ ಆ ಸಣ್ಣ ಅಸಲಿಗೂ ಉರುಳು, ನಾಡಬಂದೂಕು ಕೈ ಹಾಕಿದರೆ ಏನಾಗುತ್ತದೆ?

ಏನಾಗುತ್ತದೆ ಎಂದು ಲೆಕ್ಕ ಇಟ್ಟು ತೋರಿಸಿದವರು ಮೈಸೂರು ಮೂಲದ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಅಪರಾಜಿತಾ ದತ್ತ ಮತ್ತು ಸಂಗಡಿಗರು. ಲಿಸು ಬೇಟೆಗಾರರ ನೆರವಿನಿಂದಲೇ ಈ ಕಾಡಿನಲ್ಲಿ ಅಡ್ಡಾಡಿ, ಮ್ಯಾನ್ಮಾರಿನಲ್ಲಿ ಮಾತ್ರ ಇದೆಯೆಂದುಕೊಂಡಿದ್ದ ಎಲೆಜಿಂಕೆ ಎಂಬ ಪುಟ್ಟ ಪ್ರಾಣಿ ಭಾರತದಲ್ಲೂ ಇದೆಯೆಂದು ಮೊದಲು ತಿಳಿಸಿದ ತಂಡ ಅದು. 2006-07ರ ಚಳಿಗಾಲದಲ್ಲಿ ಅವರು ಕಾಡಿನೊಳಗೆ ಕ್ಯಾಮೆರಾ ಕಟ್ಟಿದರು. ಹುಲಿಯ ಒಂದು ಚಿತ್ರವೂ ಬರಲಿಲ್ಲ. ಕಡವೆ, ಹಂದಿಗಳೂ ತೀರ ವಿರಳ. 2008ರಲ್ಲಿ ಪ್ರಕಟಿಸಿದ ಪ್ರಬಂಧಕ್ಕೆ ಅವರು ‘ಬರಿದಾದ ಕಾಡುಗಳು’ ಎಂಬರ್ಥದ ತಲೆಬರಹ ಕೊಟ್ಟರು. ಆಮೇಲಿನ ವರ್ಷಗಳಲ್ಲಿ ಒಮ್ಮೊಮ್ಮೆ ಹುಲಿ ಕ್ಯಾಮೆರಾಕ್ಕೆ ಸಿಕ್ಕಿದೆ, ಆದ್ದರಿಂದ ಪೂರ್ತಿ ಹೋಯಿತು ಎನ್ನುವಂತಿಲ್ಲ. ಆದರೆ ಒಂದು ಚಿತ್ರ ಸಿಕ್ಕಿದ್ದೇ ಸುದ್ದಿಯಾಗುವ ಹುಲಿ ಸಂರಕ್ಷಿತ ಪ್ರದೇಶ ಇದು, 1983ರಿಂದಲೂ ಆ ಹೆಸರು ಹೊತ್ತಿರುವುದು.

ದುರ್ಗಮವಾದ ಕಾಡು ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ ಎಂದು ನಾವು ನಂಬಿಕೊಂಡಿದ್ದೇವೆ. ನಮ್ದಾಫಾ ನೋಡಿದ ಮೇಲೆ ನನಗೆ ಆ ನಂಬಿಕೆ ಉಳಿದಿಲ್ಲ. ದುರ್ಗಮತೆ ಮರವನ್ನು ಕಾಯುತ್ತದೆ. ನಲವತ್ತು ಮೀಟರಿನ ಹೊಲ್ಲಾಂಗ್ ದಿಮ್ಮಿಯನ್ನು ಆ ಕಡಿದಾದ ಬೆಟ್ಟದಿಂದ ಇಳಿಸಲಾಗದು. ಆದರೆ ಕಸ್ತೂರಿಯ ಗ್ರಂಥಿ, ಕರಡಿಯ ಪಿತ್ತಕೋಶ, ಹುಲಿಯ ಮೂಳೆ ಬೆನ್ನಚೀಲದಲ್ಲಿ ಗಡಿ ದಾಟುತ್ತವೆ. ಅದೇ ದುರ್ಗಮತೆ ಅರಣ್ಯ ರಕ್ಷಕನನ್ನೂ ಹೊರಗೇ ನಿಲ್ಲಿಸುತ್ತದೆ. ನಾಗರಹೊಳೆಯೂ 1960ರ ದಶಕದಲ್ಲಿ ಕಳ್ಳಬೇಟೆಯಿಂದ ಬಳಲಿದ ಕಾಡೇ. ಅದನ್ನು ಎತ್ತಿ ನಿಲ್ಲಿಸಿದ್ದು ರೇಂಜರ್ ಕೆ.ಎಂ. ಚಿಣ್ಣಪ್ಪನಂಥವರು, ಹಗಲುರಾತ್ರಿ ಗಸ್ತು ತಿರುಗಿದ ವಾಚರುಗಳು, ಕಾಡೊಳಗೆ ಕಟ್ಟಿದ ಕಳ್ಳಬೇಟೆ ತಡೆ ಶಿಬಿರಗಳು. ಅಲ್ಲಿ ಹಾಗೆ ಕಾಯಲು ಸಾಧ್ಯವಾಗಿದ್ದು ಕಾಡಿಗೆ ಕಾಲು ಹಾಕಲು ದಾರಿಯಿದ್ದದ್ದರಿಂದ.

ಹಾಗಾದರೆ ನಮ್ದಾಫಾವನ್ನು ಕಾಯುವವರು ಯಾರು? ಅಲ್ಲಿ ಸಲೀಸಾಗಿ ನಡೆಯಬಲ್ಲವರು ಲಿಸು ಜನ. ಅವರ ಕಥೆ ಸುಲಭದ್ದಲ್ಲ. ಮಿಯಾವೋದಿಂದ 157 ಕಿಲೋಮೀಟರ್ ದೂರದ ವಿಜಯನಗರ (ನಮ್ಮ ಹಂಪಿಯ ಹೆಸರಿಗೂ ಇದಕ್ಕೂ ಸಂಬಂಧವಿಲ್ಲ) ಮೂರು ಕಡೆ ಮ್ಯಾನ್ಮಾರ್ ಸುತ್ತುವರಿದ ಕಣಿವೆ. 1961ರಲ್ಲಿ ಅಸ್ಸಾಂ ರೈಫಲ್ಸ್ ಪಡೆ ಅಲ್ಲಿಗೆ ಹೋದಾಗ ಲಿಸುಗಳು ಆಗಲೇ ಊರು ಕಟ್ಟಿಕೊಂಡಿದ್ದರು. ಗಡಿ ಭದ್ರವಾಗಲೆಂದು ಸರ್ಕಾರ ಅಲ್ಲಿ ನಿವೃತ್ತ ಸೈನಿಕರ ಕುಟುಂಬಗಳನ್ನು ತಂದು ನೆಲೆಗೊಳಿಸಿತು. ನಂತರ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಲಿಸುಗಳ ಒಂದು ಬದಿಗೆ ದೇಶದ ಗಡಿ, ಇನ್ನೊಂದು ಬದಿಗೆ ಉದ್ಯಾನದ ಗಡಿ. ಉದ್ಯಾನದೊಳಗಿನ ಸಾಗುವಳಿಗಾಗಿ ಅವರಿಗೂ ಅರಣ್ಯ ಇಲಾಖೆಗೂ ದಶಕಗಳ ತಕರಾರಿದೆ. ಮಿಯಾವೋ-ವಿಜಯನಗರ ರಸ್ತೆ ಮಳೆಗೆ ಕೊಚ್ಚಿಹೋಗಿ ವರ್ಷಾನುಗಟ್ಟಲೆ ಕಾಲುದಾರಿಯಾಗಿಯೇ ಉಳಿದಿತ್ತು. ಉಪ್ಪು, ಸೀಮೆಎಣ್ಣೆ ಬೆನ್ನ ಮೇಲೆ ಬರಬೇಕಿತ್ತು. ಜ್ವರದ ಮಗುವನ್ನು ಬುಟ್ಟಿಯಲ್ಲಿ ಹೊತ್ತು ದಿನಗಟ್ಟಲೆ ನಡೆಯಬೇಕಿತ್ತು. ಇಂಥ ಊರಿನಲ್ಲಿ ಒಂದು ಕಸ್ತೂರಿ ಮೃಗದ ಬೆಲೆ ಒಂದು ಮಗುವಿನ ಚಿಕಿತ್ಸೆಯಾಗಿತ್ತು.

ಮೈಸೂರಿನ ಆ ತಂಡ ಇದನ್ನು ಅರಿತೇ ಕ್ಯಾಮೆರಾದ ಜೊತೆಗೆ ಲಿಸು ಹಳ್ಳಿಗಳಲ್ಲಿ ಶಿಶುವಿಹಾರ ನಡೆಸಿತು, ಮಲೇರಿಯಾಕ್ಕೆ ಮದ್ದು ಒಯ್ದಿತು, ಬೇಟೆಗಾರರನ್ನು ಸಂಶೋಧನೆಯ ಜೊತೆಗಾರರನ್ನಾಗಿ ಮಾಡಿಕೊಂಡಿತು. ಕರ್ನಾಟಕದಲ್ಲಿ ಹುಟ್ಟಿದ ಸಂಸ್ಥೆಯೊಂದು ದೇಶದ ಆ ತುದಿಯಲ್ಲಿ ಹೀಗೆ ಕೆಲಸ ಮಾಡಿದ್ದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಆ ದಾರಿಯೇ ಸರಿಯಾದದ್ದು ಎಂದು ನಾನು ನಂಬುತ್ತೇನೆ.

ಅದಕ್ಕೆ ಪುರಾವೆ ಅರುಣಾಚಲದಲ್ಲೇ ಇದೆ. ದಿಬಾಂಗ್ ಕಣಿವೆಯ ಇಡು ಮಿಶ್ಮಿ ಜನ ಹುಲಿಯನ್ನು ಒಡಹುಟ್ಟಿದವನೆಂದು ಭಾವಿಸುತ್ತಾರೆ. ಅದನ್ನು ಕೊಲ್ಲುವುದು ನರಹತ್ಯೆಯಷ್ಟೇ ಘೋರ. ಭಾರತೀಯ ವನ್ಯಜೀವಿ ಸಂಸ್ಥೆಯ ವಿಜ್ಞಾನಿಗಳು ಅಲ್ಲಿ ಕ್ಯಾಮೆರಾ ಕಟ್ಟಿದಾಗ, 3630 ಮೀಟರ್ ಎತ್ತರದ ಹಿಮದಲ್ಲಿ ನಡೆಯುವ ಹುಲಿಯ ಚಿತ್ರ ಸಿಕ್ಕಿತು, ಮರಿಗಳೂ ಕಂಡವು. ಆ ಬೆಟ್ಟಗಳು ಹುಲಿ ಸಂರಕ್ಷಿತ ಪ್ರದೇಶ ಅಲ್ಲ. ನೆಲ ನಮ್ದಾಫಾದಷ್ಟೇ ಒರಟು, ದಾರಿ ಅಷ್ಟೇ ಕಷ್ಟ. ಅಲ್ಲಿಯ ಜನರಿಗೆ ಹುಲಿ ಬೇಕಾಗಿದೆ, ಅದು ಉಳಿದಿದೆ.

ನಮ್ದಾಫಾಕ್ಕೆ ಹೋಗುವವರು ನವೆಂಬರಿನಿಂದ ಮಾರ್ಚಿನೊಳಗೆ ಹೋಗಿ. ಇನ್ನರ್ ಲೈನ್ ಪರ್ಮಿಟ್ ಆನ್‌ಲೈನಿನಲ್ಲಿ ಸಿಗುತ್ತದೆ. ಕಾಡಿನ ಪ್ರವೇಶಕ್ಕೆ ಮಿಯಾವೋದ ಕ್ಷೇತ್ರ ನಿರ್ದೇಶಕರ ಕಚೇರಿಯಲ್ಲಿ ಅನುಮತಿ ಪಡೆಯಿರಿ. ಹುಲಿ ತೋರಿಸಿ ಎಂದು ಯಾರನ್ನೂ ಕಾಡಬೇಡಿ. ಹೊರೆ ಹೊರಲು, ದಾರಿ ತೋರಲು, ಅಡುಗೆಗೆ ಸ್ಥಳೀಯ ಲಿಸು, ಸಿಂಗ್‌ಫೋ, ಚಕ್ಮಾ ತರುಣರನ್ನೇ ಕರೆದುಕೊಂಡು ಹೋಗಿ, ಕೂಲಿಯನ್ನು ಚೌಕಾಸಿ ಮಾಡದೆ ಅವರ ಕೈಗೇ ಕೊಡಿ. ಕಾಡು ನೋಡಲು ಬಂದವರಿಂದ ಒಂದು ಚಳಿಗಾಲದಲ್ಲಿ ಸಿಗುವ ಸಂಪಾದನೆ ಉರುಳಿನಿಂದ ಸಿಗುವುದಕ್ಕಿಂತ ಹೆಚ್ಚಾಗಬೇಕು. ಅದು ನಮ್ಮಂಥ ಪ್ರವಾಸಿಗರ ಕೈಲಾಗುವ ಕೆಲಸ.